ಐದನೆಯ ಸಿಲಿಂಡರ್

ಅಗ್ನಿಶಾಮಕ ತರಬೇತಿಯ ಕೊನೆಯ ದಿನ ಅವಳಿಗೊಂದು ಸಣ್ಣ ಅನುಮಾನ ಬಂತು ನೋಡಿ, ಅಷ್ಟೇ, ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಬೆಳಿಗ್ಗೆ ಉಸಿರಾಟದ ಆರು ಸಿಲಿಂಡರುಗಳಲ್ಲಿ ಗಾಳಿ ಭರ್ತಿ ಇದೆಯೇ ಎಂದು ಮುಳ್ಳು ನೋಡಿ ಪುಸ್ತಕದಲ್ಲಿ ಗುರುತು ಹಾಕುವ ಪಾಳಿ ಅವಳದು. ನಾಲ್ಕನೆಯದನ್ನು ನೋಡುತ್ತಿದ್ದಾಗ ಅತ್ತೆಯ ಫೋನು: "ಕತ್ತರಿ ಎಲ್ಲಿಟ್ಟೆ?" "ಪೆಟ್ಟಿಗೇಲಿದೆ ಅತ್ತೆ, ಖಂಡಿತ," ಎಂದು ಹೇಳಿ ಬಂದು ಉಳಿದ ಗುರುತುಗಳನ್ನೂ ಹಾಕಿದ್ದಳು. ಆದರೆ ಐದನೆಯದರ ಮುಳ್ಳು ನೋಡಿದೆನೋ ಇಲ್ಲವೋ? ಎಷ್ಟು ತಿಣುಕಿದರೂ ಹಾಳು ಕತ್ತರಿಯೇ ನೆನಪಿಗೆ ಬರುತ್ತಿತ್ತು.

ತರಬೇತಿ ಮೇಷ್ಟ್ರ ಕಾನೂನು ಎರಡೇ. ಸಿಲಿಂಡರ್ ಹೊತ್ತವರು ಮುಳ್ಳು ನೋಡುವಂತಿಲ್ಲ, ಗುರುತು ನಂಬಿ ಹೊಗೆ ತುಂಬಿದ ಕೋಣೆಗೆ ನುಗ್ಗಬೇಕು. ನೋಡದೆ ಗುರುತು ಹಾಕಿದವರು ಮನೆಗೆ ಹೋಗಬೇಕು. ಹೊಲಿಗೆ ಬಿಟ್ಟು ಬಂದು, ಆರು ತಿಂಗಳು ಹಗ್ಗ ಹತ್ತಿ ಅಂಗೈ ಕಿತ್ತುಕೊಂಡವಳು ಇವತ್ತು ಬಾಯಿಬಿಟ್ಟರೆ ಎಲ್ಲಾ ನೀರಲ್ಲಿ ಹೋಮ.

ಐದನೆಯದು ಯಾರ ಬೆನ್ನೇರಬೇಕು? ಗ್ರಹಚಾರ! ಜೊತೆಯಲ್ಲೇ ಸೇರಿದ್ದ ಮೈದುನನ ಬೆನ್ನೇ. ಅವನ ಹಿಂದೆ ಆರನೆಯದನ್ನು ಹೊತ್ತು ಮೇಷ್ಟ್ರು ನಿಂತಿದ್ದರು.

"ಅತ್ತಿಗೆ, ನಿಮ್ಮ ಅಡುಗೆಮನೆ ಹೊಗೆ ಕುಡಿದವನು ನಾನು. ಇದ್ಯಾವ ಲೆಕ್ಕ?" ಎಂದು ಕಿಚಾಯಿಸಿ ಅವನು ಮುಖವಾಡ ಬಿಗಿದುಕೊಂಡ.

ಅವಳು ಮನಸ್ಸಲ್ಲೇ ಲೆಕ್ಕ ಹಾಕಿದಳು. ನೋಡಿದ್ದರೆ? ಸುಮ್ಮನೆ ಕೂಗಿ ಕೆಲಸ ಕಳೆದುಕೊಂಡಂತೆ. ನೋಡಿರದಿದ್ದರೆ? ಅತ್ತೆಗೆ ಯಾವ ಮುಖ ತೋರಿಸುವುದು? ಅವನು ಬಾಗಿಲಿಗೆ ಕೈಯಿಟ್ಟ.

"ನಿಲ್ಲೋ! ಐದನೇದು ನೋಡಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ!"

ಮೇಷ್ಟ್ರು ಅವನನ್ನು ತಿರುಗಿಸಿ ಮುಳ್ಳು ನೋಡಿದರು. ಭರ್ತಿ ಇತ್ತು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮಿಕ್ಕಿದ್ದು?" ಎಂದರು ಮೇಷ್ಟ್ರು.

"ಎಲ್ಲಾ ನೋಡಿದೀನಿ ಸರ್. ಆರನೇದಂತೂ ಖಂಡಿತ, ದೇವರಾಣೆ."

ಮೇಷ್ಟ್ರು ತಮ್ಮ ಭುಜದ ಪಟ್ಟಿಯ ಮುಳ್ಳು ನೋಡಿ, ಮೆಲ್ಲಗೆ ಅವಳ ಕಡೆ ತಿರುಗಿಸಿದರು. ಅದು ಸೊನ್ನೆಯ ಪಕ್ಕದಲ್ಲಿತ್ತು. ನಗು ನಿಂತಿತು.

"ಗೊತ್ತಿಲ್ಲ ಅಂದ್ಯಲ್ಲ, ಅದ್ರಿಂದ ನಾನು ಉಳಿದೆ," ಎಂದರು ಅವರು. "ಖಂಡಿತ ಅಂತಿದೀಯಲ್ಲ, ಅದನ್ನ ನಂಬಿ ಒಳಗೆ ಹೋಗ್ತಿದ್ದೆ." ಆರೂ ಗುರುತುಗಳ ಮೇಲೆ ಗೀಟು ಎಳೆದರು. "ಮನೆಗೆ ಹೋಗು. ಮುಂದಿನ ತಂಡದ ಜೊತೆ ಮತ್ತೆ ಮೊದಲಿಂದ ಬಾ. ಈ ಪಾಠ ಅವರಿಗೆ ನೀನೇ ಹೇಳ್ಕೊಡು."

ಇದು ಶಿಕ್ಷೆಯೋ ಬಹುಮಾನವೋ ದಾರಿಯುದ್ದಕ್ಕೂ ಬಗೆಹರಿಯಲಿಲ್ಲ.

"ಪಾಸಾದ್ಯೇನೇ?" ಎಂದರು ಅತ್ತೆ, ಬಾಗಿಲಲ್ಲೇ.

"ಗೊತ್ತಿಲ್ಲ ಅತ್ತೆ."

"ಅದಿರ್ಲಿ, ಕತ್ತರಿ ಖಂಡಿತ ಪೆಟ್ಟಿಗೇಲಿದೆ ಅಂದ್ಯಲ್ಲ? ಅಲ್ಲಿರ್ಲಿಲ್ಲ ಕಣೆ."

ಅವಳು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟಳು.