ಎಲ್ಲಿ ಇಳಿದಿರಿ?

ಉತ್ತರ ಲಂಡನ್ನಿನ ಆ ರೈಲು ದಾರಿಯಲ್ಲಿ ಭಾನುವಾರ ಬಂತೆಂದರೆ ಹಳಿ ರಿಪೇರಿ. ರೈಲಿನ ಬದಲು ಬಸ್ಸು ಬಿಡುತ್ತಾರೆ. ಅದು ಗಲ್ಲಿಗಲ್ಲಿ ಸುತ್ತಿ, ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು ಪ್ರಾಣ ತೆಗೆಯುತ್ತದೆ. ಎಲ್ಲರೂ ಶಾಪ ಹಾಕುತ್ತಾರೆ, ಶೆಂಗುಲ್ ಒಬ್ಬಳನ್ನು ಬಿಟ್ಟು. ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ ಮಧ್ಯಾಹ್ನ ಮನೆಗೆ ಹೊರಡುವ ಆಕೆ ಹಿಂದಿನ ಸೀಟಿನ ಮೂಲೆಗೆ ಒರಗಿ ನಿದ್ದೆಹೋಗುತ್ತಾಳೆ. ವಾರಕ್ಕೆಲ್ಲ ಸೇರಿ ಆಕೆಗೆ ಸಿಗುವ ಸರಿಯಾದ ನಿದ್ದೆ ಅದೊಂದೇ. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಅದರಲ್ಲಿ ಕಾರ್ಡು ಮುಟ್ಟಿಸುವ ಯಂತ್ರವೂ ಇಲ್ಲ. ಆದರೆ ಕಳೆದ ಭಾನುವಾರ ನಿಲ್ದಾಣದ ಬಾಗಿಲಲ್ಲಿದ್ದ ಯಂತ್ರಕ್ಕೆ ಕೈ ತಾನಾಗಿಯೇ ಕಾರ್ಡು ಮುಟ್ಟಿಸಿಬಿಟ್ಟಿತು. ವರ್ಷಗಟ್ಟಲೆಯ ಅಭ್ಯಾಸ, ದಣಿದ ಕೈ ತಲೆಯ ಮಾತು ಕೇಳುತ್ತದೆಯೇ? ಹತ್ತುವಾಗ ಮುಟ್ಟಿಸಿ ಇಳಿಯುವಾಗ ಮುಟ್ಟಿಸದಿದ್ದರೆ ಎಲ್ಲಿಗೋ ದೂರ ಹೋದಳೆಂದು ಯಂತ್ರ ಅತಿ ಹೆಚ್ಚಿನ ದರ ಕಿತ್ತುಕೊಳ್ಳುತ್ತದೆ.

ಸೋಮವಾರ ಸಂಜೆ ಗಂಡ ತುಂಜಾಯ್ ಅದನ್ನು ಫೋನಿನಲ್ಲಿ ಕಂಡುಹಿಡಿದ. ಆಲಿವ್ ಕೊಂಡರೂ ತಕ್ಕಡಿಯ ಮುಳ್ಳಿನ ಮೇಲೇ ಕಣ್ಣಿಡುವ ಆಸಾಮಿ. ಹಣ ವಾಪಸು ಕೇಳುವ ಪುಟ ತೆಗೆದು ಕನ್ನಡಕ ಏರಿಸಿ ಕೂತ. ಶೆಂಗುಲ್ ಒಲೆಯ ಮೇಲೆ ಮೊಲೊಹಿಯಾ ಸೊಪ್ಪು ಕೆದಕುತ್ತಿದ್ದಳು. ಲಕ್ವ ಹೊಡೆದು ಮಲಗಿದ್ದ ಅತ್ತೆಯನ್ನು ಹಗಲು ನೋಡಿಕೊಳ್ಳಲು ಹೆಂಗಸೊಬ್ಬಳು ಬರುತ್ತಿದ್ದಳು. ರಾತ್ರಿಯಿಡೀ ಮತ್ತೆಮತ್ತೆ ಎದ್ದು ಮಗ್ಗುಲು ಬದಲಿಸುವುದು ಸೊಸೆಯ ಪಾಲು. ಮಗನಿಗೆ ಬೆನ್ನುನೋವು. ಸೊಸೆಗೆ ಬೆನ್ನೇ ಇಲ್ಲವೆಂದು ಆ ಮನೆಯಲ್ಲಿ ಎಲ್ಲರೂ ನಂಬಿದ್ದರು.

“ಎಲ್ಲಿ ಇಳಿದ್ರಿ ಅಂತ ಕೇಳ್ತಿದೆ ಕಣೇ,” ಅಂದ. “ನಮ್ ಸ್ಟಾಪಲ್ಲೇ ತಾನೆ?”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ದುಡ್ಡೂ ಬರುತ್ತಿತ್ತು, ನಿದ್ದೆಯೂ ಉಳಿಯುತ್ತಿತ್ತು. ಆಕೆ ಬಾಯಿ ತೆರೆಯುವ ಮೊದಲೇ ಅವನ ಕಣ್ಣು ಪುಟದಲ್ಲಿದ್ದ ಸಮಯದ ಮೇಲೆ ಬಿತ್ತು. ಎರಡಕ್ಕೆ ಕಾರ್ಡು ಮುಟ್ಟಿಸಿದವಳು ಮನೆ ಸೇರಿದ್ದು ಐದರ ಮೇಲೆ. ಈ ವಯಸ್ಸಿನಲ್ಲಿ ಯಾರನ್ನಾದರೂ ನೋಡಿಕೊಂಡಿದ್ದೀಯಾ ಎಂದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೇ ಕೇಳಿದ.

ಶೆಂಗುಲ್‌ಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಆಕೆಯಲ್ಲಿ ಅಷ್ಟೂ ಉಳಿದಿರಲಿಲ್ಲ.

“ನಮ್ ಸ್ಟಾಪ್ ಬಂದ್ರೂ ನಾನು ಇಳಿಯಲ್ಲ,” ಅಂದಳು. “ಆ ಕೊನೇವರೆಗೂ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ. ನಿದ್ದೆ ಮಾಡ್ತೀನಿ ತುಂಜಾಯ್. ಬಸ್ ಬಿಟ್ಟ ಭಾನುವಾರ ಎಲ್ಲ ಅಷ್ಟೇ. ಅಲ್ಲಿ ನನ್ನನ್ನ ಯಾರೂ ಕರೆಯಲ್ಲ.”

ಮನೆಯಲ್ಲೇ ಮಲಗಬಹುದಿತ್ತಲ್ಲ ಎಂದು ಅವನು ಶುರುಮಾಡಿದ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಕರೆದಳು, ಮಗನನ್ನಲ್ಲ, ಶೆಂಗುಲ್‌ಳನ್ನು. ಆಕೆ ಸೌಟು ಕೆಳಗಿಟ್ಟಳು. ತುಂಜಾಯ್ ಒಂದು ಗಳಿಗೆ ಹೆಂಡತಿಯ ಮುಖ ನೋಡಿದ. ಆಮೇಲೆ ನೀನಿರು ಎಂದು ಕೈಸನ್ನೆ ಮಾಡಿ ತಾನೇ ಎದ್ದು ಹೋದ.

ಹೊರಗೆ ಬಂದಾಗ ಸೊಂಟ ಹಿಡಿದುಕೊಂಡಿದ್ದ. ಉಸಿರು ಬಿಡುತ್ತಾ ಕೂತು, ಎಲ್ಲಿ ಇಳಿದಿರಿ ಎಂಬ ಪ್ರಶ್ನೆಯನ್ನು ನೋಡಿದ. ಏನೂ ತುಂಬದೆ ಪುಟ ಮುಚ್ಚಿದ. ಬರಬೇಕಾದ ದುಡ್ಡನ್ನು ಅವನು ಹಾಗೆ ಬಿಟ್ಟುಕೊಟ್ಟದ್ದನ್ನು ಆಕೆ ಎಂದೂ ಕಂಡಿರಲಿಲ್ಲ.

“ಬರೋ ಭಾನುವಾರಾನೂ ಬಸ್ಸೇ ಅಂತೆ,” ಅಂದ. “ಕಾರ್ಡ್ ಮಾತ್ರ ಮುಟ್ಟಿಸ್ಬೇಡ.”