ಬೆಸ್‌ಗೆ ಹಸಿ ಮಾಂಸ ತಿನ್ನಿಸಿದ್ದು

ಎಲ್ಸಿ ಮೊಲದ ತೊಡೆಯ ಮಾಂಸವನ್ನು ಉಗುರಿನಷ್ಟು ಸಣ್ಣಗೆ ಕೊಚ್ಚಿ, ಚಹಾದ ಬಸಿಯಲ್ಲಿಟ್ಟುಕೊಂಡು ಅಡಿಗೆಮನೆಯ ನೆಲದ ಮೇಲೆ ಕೂತಳು. ಎಪ್ಪತ್ತೆರಡು ವರ್ಷದ ಮಂಡಿ ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ಪ್ರಾಣ ಹಿಂಡುತ್ತಿತ್ತು. ಒಲೆಯ ಪಕ್ಕದ ಪೆಟ್ಟಿಗೆಯಿಂದ ಬೆಸ್ ಮೂತಿ ಹೊರಗೆ ಹಾಕಿತು. ಬಸಿಯನ್ನು ಎರಡು ಸಲ ಮೂಸಿತು. ಆಮೇಲೆ ತನ್ನ ಹಾಸಿಗೆಯಾಗಿದ್ದ ಹಳೇ ಸ್ವೆಟರನ್ನು ಹಲ್ಲಿನಿಂದ ಎಳೆದು ಬಸಿಯ ಮೇಲೆ ಮುಚ್ಚಿ, ಎಲ್ಸಿಯ ಮುಖ ನೋಡುತ್ತಾ ಕೂತಿತು.

"ತಿನ್ನೇ ಹಾಳಾದೋಳೇ," ಎಂದಳು ಎಲ್ಸಿ. "ಮೊಲ ಕಣೇ ಇದು! ನಿಮ್ಮಜ್ಜಿ ಮುತ್ತಜ್ಜಿಯೆಲ್ಲ ಇದನ್ನ ಬಿಲದೊಳಗೆ ನುಗ್ಗಿ ಓಡಿಸ್ಕೊಂಡು ಬರ್ತಿದ್ರು. ನೀನು ನೋಡಿದ್ರೆ ಹೊಲಸು ಮುಚ್ಚಿದ ಹಾಗೆ ಮುಚ್ತೀಯಲ್ಲ."

ಬೆಸ್‌ಗೆ ಮಾಂಸವೆಂದರೆ ಏನೆಂದು ತಿಳಿಯದಿರುವುದಕ್ಕೆ ಕಾರಣ ಎಲ್ಸಿಯೇ. ಇಂಗ್ಲಿಷರ ನಾಡಿನ ಉತ್ತರಕ್ಕಿರುವ ಡರ್ಹಮ್‌ನ ಆ ಕಲ್ಲಿದ್ದಲ ಊರಿನಲ್ಲಿ ಗಣಿಗಿಳಿಯುವ ಗಂಡಸರೆಲ್ಲ ಫೆರೆಟ್ ಸಾಕುತ್ತಿದ್ದರು. ಮುಂಗುಸಿಯನ್ನು ಇನ್ನೊಂದಿಷ್ಟು ಎಳೆದು ಉದ್ದ ಮಾಡಿದಂಥ ಪ್ರಾಣಿ. ಮೊಲದ ಬಿಲಕ್ಕೆ ಬಿಟ್ಟರೆ ಮೊಲ ಇನ್ನೊಂದು ಬಾಯಿಯಿಂದ ಹಾರಿ ಬಲೆಗೆ ಬೀಳುತ್ತದೆ. ಮೊಲ ಮನುಷ್ಯರ ಪಾಲು. ಫೆರೆಟ್ಟಿನ ಪಾಲಿಗೆ ಎರಡು ಹೊತ್ತೂ ಬಿಸಿ ಹಾಲಿನಲ್ಲಿ ಕಿವುಚಿದ ಬ್ರೆಡ್ಡು. ಹಸಿ ಮಾಂಸದ ರುಚಿ ಹತ್ತಿದರೆ ಅದು ಸಾಕಿದವನ ಕೈಯನ್ನೇ ಕಚ್ಚುತ್ತದೆ, ಬಿಲದೊಳಗೇ ಮೊಲ ತಿಂದು ಮಲಗಿಬಿಡುತ್ತದೆ ಎಂದು ಅಪ್ಪಂದಿರು ಹೇಳಿದ್ದರು, ಮಕ್ಕಳು ನಂಬಿದ್ದರು. ಯಾರೂ ತಿನ್ನಿಸಿ ನೋಡಿರಲಿಲ್ಲ. ಮದುವೆಯಾಗಿ ಬಂದ ಮಾರನೆಯ ದಿನದಿಂದ ಆ ಬ್ರೆಡ್ಡು ಕಿವುಚುವ ಕೆಲಸ ಎಲ್ಸಿಯದಾಯಿತು. ಅವಳಿಗೆ ಫೆರೆಟ್ಟಿನ ವಾಸನೆ ಆಗುತ್ತಿರಲಿಲ್ಲ, ಆದರೂ ನಲವತ್ತಾರು ವರ್ಷ ಒಂದು ಹೊತ್ತೂ ತಪ್ಪಿಸದೆ ಕಿವುಚಿದಳು.

ಬೆಸ್ ಕೊನೆಯದು. ಗಣಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ, ಅವಳ ಗಂಡ ಮ್ಯಾಟಿ ಯಾರದೋ ಹಟ್ಟಿಯಿಂದ ಕೋಟಿನ ಜೇಬಿನಲ್ಲಿ ಹಾಕಿಕೊಂಡು ಬಂದ ಬಡಕಲು ಮರಿ. ಆ ಹೊತ್ತಿಗೆ ಅವನ ಎದೆಯಲ್ಲಿ ಕಲ್ಲಿದ್ದಲ ಧೂಳು ತುಂಬಿ, ಗುಡ್ಡ ಹತ್ತಿ ಮೊಲ ಹಿಡಿಯುವ ಕಾಲ ಮುಗಿದಿತ್ತು. ಹಾಗಾಗಿ ಬೆಸ್ ಮೊಲವನ್ನು ಕಂಡದ್ದೇ ಇಲ್ಲ.

ಈ ವರ್ಷ ಜೂನ್‌ನಲ್ಲಿ ಮ್ಯಾಟಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಆಸ್ಪತ್ರೆಯವರು ಅವನನ್ನು ಆರೈಕೆ ಮನೆಗೆ ಸೇರಿಸಿದರು. ಎರಡು ತಿಂಗಳು ಅವನ ಬಾಯಿಂದ ಉಸಿರು ಬಿಟ್ಟರೆ ಬೇರೇನೂ ಬರಲಿಲ್ಲ. ಆಗಸ್ಟ್‌ನ ಒಂದು ದಿನ ಎಲ್ಸಿ ಕೋಟು ಕಳಚುತ್ತಿರುವಾಗ ಅವನು ಎಡಗೈ ಎತ್ತಿ, ತುಟಿ ಸೊಟ್ಟಗೆ ಮಾಡಿಕೊಂಡು, ಸ್ಪಷ್ಟವಾಗಿ ಒಂದು ಮಾತು ಆಡಿದ.

"ಪೆಟ್."

ಅಲ್ಲಿನ ನರ್ಸ್ ಹಿಲರಿ ಚಪ್ಪಾಳೆ ತಟ್ಟಿದಳು. ಅವಳು ಐವತ್ತು ದಾಟಿದವಳು, ದೇಶದ ದಕ್ಷಿಣ ತುದಿಯ ಕಡಲ ತೀರದಿಂದ ಹೋದ ವರ್ಷ ಬಂದವಳು. "ಮಾತಾಡಿದ್ರು! ತಮ್ಮ ಪೆಟ್ ಕೇಳ್ತಿದಾರೆ ನೋಡಿ! ಮನೇಲಿ ನಾಯಿ ಬೆಕ್ಕು ಏನಾದ್ರೂ ಸಾಕಿದೀರಾ?"

"ಒಂದು ಫೆರೆಟ್ಟಿದೆ," ಎಂದಳು ಎಲ್ಸಿ.

"ಕರ್ಕೊಂಡ್ ಬನ್ನಿ ಮತ್ತೆ! ಶುಕ್ರವಾರ ಪ್ರಾಣಿಗಳನ್ನ ಬಿಡ್ತೀವಿ."

ಸಾಕುಪ್ರಾಣಿಗೆ ಪೆಟ್ ಎನ್ನುವುದು ಎಲ್ಲ ಕಡೆ ಇದ್ದದ್ದೇ. ಆದರೆ ಡರ್ಹಮ್‌ನಲ್ಲಿ ಹೆಂಗಸರನ್ನು ಕರೆಯುವುದೂ ಅದೇ ಮಾತಿನಿಂದ. ಕಟುಕನೂ ಪೆಟ್ ಎನ್ನುತ್ತಾನೆ, ಪೋಸ್ಟಿನವನೂ ಎನ್ನುತ್ತಾನೆ. ಎನ್ನದವನೆಂದರೆ ಮ್ಯಾಟಿ ಒಬ್ಬನೇ. ಮದುವೆಯಾದ ಹೊಸದರಲ್ಲಿ ಅವನೂ ಕರೆಯುತ್ತಿದ್ದ. ಒಂದು ದಿನ ಎಲ್ಸಿ ತಮಾಷೆಗೆ, "ಬಸ್ಸಿನ ಕಂಡಕ್ಟರೂ ಪೆಟ್ ಅಂತಾನೆ, ನೀನೂ ಪೆಟ್ ಅಂದ್ರೆ ನಿಂಗೂ ಅವನಿಗೂ ಏನೋ ವ್ಯತ್ಯಾಸ?" ಎಂದಿದ್ದಳು. ಹಟಮಾರಿ ಗಂಡಸು. ಅಲ್ಲಿಂದಾಚೆ ಆ ಮಾತು ಅವನ ಬಾಯಿಂದ ಬರಲಿಲ್ಲ. "ಏಯ್", "ಎಲ್ಲಿದೀಯ", "ಕೇಳಿಸ್ತಾ", ಇಷ್ಟರಲ್ಲೇ ಸಂಸಾರ ಸಾಗಿತು. ಹಾಗಾಗಿ ನರ್ಸ್ ಹೇಳಿದ್ದನ್ನು ಎಲ್ಸಿ ಒಪ್ಪಿಕೊಂಡಳು. ಯೂನಿಫಾರ್ಮು ತೊಟ್ಟವರ ಮಾತಿಗೆ ಎದುರಾಡುವ ತಲೆಮಾರೂ ಅವಳದಲ್ಲ.

ಅಂದಿನಿಂದ ಪ್ರತಿ ಶುಕ್ರವಾರ ಬೆಸ್ಸನ್ನು ಹೆಗಲ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದಳು. ಅವನು ಬಾಗಿಲ ಕಡೆ ನೋಡಿ ಎಡಗೈ ಎತ್ತಿ "ಪೆಟ್" ಎನ್ನುತ್ತಿದ್ದ. ಇವಳು ಆ ಕೈಯ ಕೆಳಗೆ ಬೆಸ್ಸನ್ನು ಇಟ್ಟು, ಇದ್ದ ಒಂದು ಗಂಟೆ ಅವರಿಬ್ಬರಿಗೇ ಇರಲಿ ಎಂದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿರಲಿಲ್ಲವೇ? ಆಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ಆದರೆ ವಾರಕ್ಕೊಮ್ಮೆ ಕೇಳುವ ಆ ಒಂದು ಮಾತಿಗಾಗಿ ಅವಳು ಹುಲಿಯನ್ನು ಬೇಕಾದರೂ ಬಸ್ಸಿಗೆ ಹತ್ತಿಸುತ್ತಿದ್ದಳು.

ಹನ್ನೊಂದನೆಯ ಶುಕ್ರವಾರ ಬೆಸ್ ಅವನ ತೊಡೆಯ ಮೇಲೆ ಕುಸಿಯಿತು. ಹಿಂಗಾಲುಗಳು ಸೋತವು, ಬಾಯಿಂದ ಜೊಲ್ಲು ಸುರಿಯಿತು, ಕಣ್ಣು ಎಲ್ಲೋ ನೆಟ್ಟಿತು. ಹಿಲರಿಯ ಮುಖ ಸಣ್ಣದಾಯಿತು. "ಕಾಯಿಲೆ ಪ್ರಾಣೀನ ಒಳಗೆ ಬಿಡೋ ಹಾಗಿಲ್ಲ. ಮುಂದಿನ ವಾರ ಚುರುಕಾಗಿದ್ರೆ ಸರಿ, ಇಲ್ಲಾಂದ್ರೆ ನಾನೇನೂ ಮಾಡೋಕಾಗಲ್ಲ. ಕ್ಷಮಿಸಿ."

ಶನಿವಾರ ಬೆಳಿಗ್ಗೆ ಪಶುವೈದ್ಯೆ ರಕ್ತ ಪರೀಕ್ಷೆ ಮಾಡಿ ಹೇಳಿದಳು: "ಹೊಟ್ಟೇಲಿ ಗಂಟು ಬೆಳೆದಿರಬೇಕು. ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದ ಹಾಗೆ ಇಳಿದುಬಿಡ್ತಿದೆ. ಏನು ತಿನ್ನಿಸ್ತೀರಿ?"

ಎಲ್ಸಿ ಹೇಳಿದಳು. ವೈದ್ಯೆ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. "ಇದು ಮಾಂಸ ತಿನ್ನೋ ಪ್ರಾಣಿ, ಅಮ್ಮ. ಹಾಲು, ಬ್ರೆಡ್ಡು ಎರಡೂ ಇದಕ್ಕೆ ಆಗಿಬರಲ್ಲ. ಹಸಿ ಮಾಂಸಕ್ಕೆ ಬದಲಾಯಿಸಿ. ಆದ್ರೆ ಮರಿಯಾಗಿದ್ದಾಗ ಯಾವ ವಾಸನೆ ಊಟ ಅಂತ ಕಲಿತಿರುತ್ತೋ ಅದನ್ನೇ ಇದು ಊಟ ಅಂತ ತಿಳಿಯೋದು. ಅದಕ್ಕೇ ನಿಧಾನ ಮಾಡಿ. ದಿನಾ ಒಂದೊಂದು ಚಮಚ ಜಾಸ್ತಿ ಮಾಡ್ಕೊಂಡು ಹೋಗಿ, ಮೂರು ವಾರ ಹಿಡಿದ್ರೂ ಹಿಡೀಲಿ. ಹೊಟ್ಟೆ ಮಾತ್ರ ಖಾಲಿ ಬಿಡಬೇಡಿ. ನಾಲ್ಕು ಗಂಟೆ ಮೀರಿ ಹಸಿದಿದ್ರೆ ಇದು ಉಳಿಯಲ್ಲ." ಬಿದ್ದರೆ ಒಸಡಿಗೆ ಜೇನುತುಪ್ಪ ಸವರಬೇಕೆಂದೂ ಹೇಳಿ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟಳು.

ಮೂರು ವಾರ! ಎಲ್ಸಿಯ ಕೈಯಲ್ಲಿದ್ದದ್ದು ಆರು ದಿನ.

ಅಂದು ಸಂಜೆ ಹಾಲುಬ್ರೆಡ್ಡಿಗೆ ಒಂದು ಚಮಚ ಕೊಚ್ಚಿದ ಮಾಂಸ ಬೆರೆಸಿದಳು. ಬೆಸ್ ಬ್ರೆಡ್ಡನ್ನಷ್ಟೇ ಹೆಕ್ಕಿ ತಿಂದು ಮಾಂಸದ ಚೂರುಗಳನ್ನು ಬಸಿಯ ಅಂಚಿನಲ್ಲಿ ಬಿಟ್ಟಿತು. ಭಾನುವಾರ ಕೋಳಿ ಲಿವರನ್ನು ಗಂಜಿಯ ಹದಕ್ಕೆ ಅರೆದು ಅದರ ಕೋರೆಹಲ್ಲಿಗೆ ಸವರಿದಳು. ಅದು ಕೆಮ್ಮಿ, ಮುಖವನ್ನು ಕಂಬಳಿಗೆ ಉಜ್ಜಿ ಒರೆಸಿಕೊಂಡಿತು. ಸೋಮವಾರ ಮೊಲದ ತೊಡೆಯ ಮೇಲೆ ಸ್ವೆಟರ್ ಎಳೆಯಿತು. ಮಂಗಳವಾರ ಮಾತ್ರ ಸಂಜೆಯ ಹೊತ್ತಿಗೆ, ಎಲ್ಸಿಯ ಬೆರಳಿಗೆ ಅಂಟಿದ್ದ ಮಾಂಸದ ರಸವನ್ನು ಮೂರು ಸಲ ನೆಕ್ಕಿತು. ಅದರ ಒರಟು ನಾಲಿಗೆ ತಾಗಿದಾಗ ಎಲ್ಸಿ ಉಸಿರು ಬಿಗಿಹಿಡಿದು ಕೂತಿದ್ದಳು. ನಲವತ್ತಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಫೆರೆಟ್ಟಿನ ಮೇಲೆ ಪ್ರೀತಿ ಬಂತು.

ಬುಧವಾರ ಮಧ್ಯಾಹ್ನ ಸೆಪ್ ಬಂದ. ಮ್ಯಾಟಿಯ ಜೊತೆ ಗಣಿಗಿಳಿದವನು, ಮೂವತ್ತು ವರ್ಷ ಅವನ ಜೊತೆ ಮೊಲಕ್ಕೆ ಹೋದವನು. ಸಮುದ್ರದ ಕಡೆಯಿಂದ ಮಂಜು ಬಂದು ಬೀದಿ ಕಾಣುತ್ತಿರಲಿಲ್ಲ. ಸೆಪ್ ಕೆಮ್ಮುತ್ತಾ ಒಳಗೆ ಬಂದು, ಟೋಪಿ ತೆಗೆಯದೆ ಬಸಿಯ ಮುಂದೆ ಬಗ್ಗಿ ನೋಡಿದ.

"ಇದೇನೇ ಇದು? ಬಾಣಂತಿಗೆ ಮಾಡಿದ ಹಾಗೆ ಅರೆದು ಬೆರಳಲ್ಲಿ ನೆಕ್ಕಿಸ್ತಿದೀಯಾ?"

"ಡಾಕ್ಟ್ರು ಹೇಳಿದಾರೆ. ನಿಧಾನಕ್ಕೆ ಕಲಿಸ್ಬೇಕಂತೆ."

"ಡಾಕ್ಟ್ರಿಗೆ ಎಷ್ಟು ವಯಸ್ಸು? ನನ್ನ ಬೂಟಿನಷ್ಟು ಆಗಿದ್ಯೋ ಇಲ್ವೋ." ಅವನು ಕುರ್ಚಿ ಎಳೆದುಕೊಂಡ. "ನೋಡು ಪೆಟ್, ಹಾಲು ಸಿಗ್ತಿರೋವರೆಗೂ ಅದ್ಯಾಕೆ ಮಾಂಸ ಮುಟ್ಟುತ್ತೆ? ಬಸಿ ಎತ್ತಿಡು. ಒಂದು ಹಗಲು ಒಂದು ರಾತ್ರಿ ನೀರು ಬಿಟ್ಟು ಏನೂ ಕೊಡಬೇಡ. ಆಮೇಲೆ ಬೂಟಿನ ಚರ್ಮ ಇಟ್ರೂ ತಿನ್ನುತ್ತೆ. ಬಿಲಕ್ಕೆ ಬಿಡೋ ಮುಂಚೆ ನಾವು ಉಪವಾಸ ಕೆಡವ್ತಿರಲಿಲ್ವಾ? ಒಂದಾದ್ರೂ ಸತ್ತಿದ್ಯಾ?"

"ಕಾಯಿಲೆ ಅಂತಾರಲ್ಲೋ ಸೆಪ್."

"ಕಾಯಿಲೆ ಅಲ್ಲ, ಕೊಬ್ಬು. ನೀನೇ ಮುದ್ದು ಮಾಡಿ ಕೆಡಿಸಿದೀಯ. ಶುಕ್ರವಾರ ಅಲ್ಲಿಗೆ ಹೋಗ್ಬೇಕು ತಾನೆ?"

ಶುಕ್ರವಾರ. ಅದೊಂದು ಮಾತಿಗೆ ಎಲ್ಸಿ ಸೋತಳು. ಸೆಪ್ ಹೋದ ಮೇಲೆ ವೈದ್ಯೆಯ ಚೀಟಿಯನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಳು, ಕಣ್ಣಿಗೆ ಬೀಳದಿರಲಿ ಎಂದು. ಹಾಲಿನ ಬಸಿ ತೊಳೆದು ಕವುಚಿಹಾಕಿದಳು. ಹಸಿ ಮಾಂಸ, ಲಿವರು ಇಟ್ಟ ತಟ್ಟೆಯೊಂದನ್ನೇ ಪೆಟ್ಟಿಗೆಯೊಳಗೆ ಬಿಟ್ಟಳು. ಸಂಜೆ ಬೆಸ್ ಅವಳ ಚಪ್ಪಲಿ ಹಿಡಿದು ಎಳೆಯಿತು, ಹಾಲಿನ ಪಾತ್ರೆ ಇರುವ ಕಪಾಟಿನ ಬುಡ ಕೆರೆಯಿತು. ಎಲ್ಸಿ ರೇಡಿಯೋ ಜೋರು ಮಾಡಿಕೊಂಡು ಬೆನ್ನು ತಿರುಗಿಸಿ ಕೂತಳು. ನಿನ್ನ ಒಳ್ಳೇದಕ್ಕೇ ಕಣೇ ಎಂದು ಎರಡು ಸಲ ಗಟ್ಟಿಯಾಗಿ ಹೇಳಿದಳು. ಯಾರ ಒಳ್ಳೆಯದಕ್ಕೆ ಎನ್ನುವುದು ಅವಳಿಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಇಳಿದು ಬಂದಾಗ ಬೆಸ್ ಪೆಟ್ಟಿಗೆಯ ಹೊರಗೆ, ಕಪಾಟಿನ ಬುಡದಲ್ಲಿ ಒರಗಿ ಬಿದ್ದಿತ್ತು. ಕಾಲುಗಳು ಗಾಳಿಯಲ್ಲಿ ಈಜುತ್ತಿದ್ದವು. ಎಲ್ಸಿ ಜೇನುತುಪ್ಪದ ಸೀಸೆ ಹುಡುಕಿ, ಮುಚ್ಚಳ ಬಿಚ್ಚಲಾರದೆ ಕಲ್ಲಿಗೆ ಕುಟ್ಟಿ ತೆಗೆದು, ಒಸಡಿಗೆ ಸವರಿದಳು. ಬಿಸಿ ಹಾಲು ತಂದಳು. "ತಗೋ, ಹಾಲು ತಗೋ, ಬ್ರೆಡ್ಡೂ ಕೊಡ್ತೀನಿ, ಮಾಂಸ ಬೇಡ, ಬೇಡವೇ ಬೇಡ." ಹಾಲು ಬಾಯಿಯ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಇಳಿಯಿತು. ಅವಳ ಮಡಿಲಲ್ಲೇ ಕಾಲುಗಳ ಈಜಾಟ ನಿಂತಿತು.

ಆಮೇಲೆ ಪೆಟ್ಟಿಗೆ ತೆಗೆಯುವಾಗ ತಟ್ಟೆ ಸಿಕ್ಕಿತು. ಲಿವರಿನ ಒಂದು ತುಂಡು ಅರ್ಧ ಇರಲಿಲ್ಲ. ಉಳಿದರ್ಧದ ಅಂಚಿನಲ್ಲಿ ಸಣ್ಣ ಹಲ್ಲುಗಳ ಗುರುತು ಸಾಲಾಗಿ ಕೂತಿತ್ತು. ಕಲಿಯುತ್ತಿತ್ತು ಅದು. ಇನ್ನೆರಡು ವಾರ ಬಿಟ್ಟಿದ್ದರೆ ಕಲಿತೇಬಿಡುತ್ತಿತ್ತು. ಎಲ್ಸಿ ಆ ತುಂಡನ್ನು ಕೈಯಲ್ಲಿ ಹಿಡಿದು ಅಡಿಗೆಮನೆಯ ನೆಲದಲ್ಲಿ ಕೂತು ಅತ್ತಳು. ಮ್ಯಾಟಿಗೆ ಲಕ್ವ ಹೊಡೆದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.

ಸೆಪ್ ಗುದ್ದಲಿ ತಂದು ಮ್ಯಾಟಿಯ ತರಕಾರಿ ತೋಟದ ಮೂಲೆಯಲ್ಲಿ ಗುಂಡಿ ತೋಡಿದ. ಅವನು ತಪ್ಪಾಯಿತು ಎನ್ನಲಿಲ್ಲ. ಟೋಪಿ ತೆಗೆದು ಜೇಬಿಗೆ ಹಾಕಿಕೊಂಡ, ಅಷ್ಟೇ. ಎಲ್ಸಿ ಬೆಸ್ಸನ್ನು ಸ್ವೆಟರ್ ಸಮೇತ ಇಳಿಸಿದಳು.

"ಇನ್ನು ಅವನು ಯಾರನ್ನ ಪೆಟ್ ಅಂತಾನೋ ಸೆಪ್?"

"ಯಾರನ್ನ ಅಂದ್ರೆ?"

"ಬೆಸ್ಸನ್ನ. ಇದ್ದದ್ದೇ ಅದೊಂದು ಮಾತು. ಇದು ಬೇಕು ಅಂತ ತಾನೆ ಬಾಯಿ ಬಿಡ್ತಿದ್ದ."

ಸೆಪ್ ಗುದ್ದಲಿಗೆ ಒರಗಿ ನಿಂತ. "ಫೆರೆಟ್ಟನ್ನ ಯಾರಾದ್ರೂ ಪೆಟ್ ಅಂತಾರೇನೇ? ದುಡಿಯೋ ಪ್ರಾಣಿ ಅದು. ಮ್ಯಾಟಿ ಹೆಸರು ಹಿಡಿದು ಕೂಗ್ತಿದ್ದ, ಇಲ್ಲಾ ಅಮ್ಮ ಅಪ್ಪ ಸೇರಿಸಿ ಬೈತಿದ್ದ. ಒಂದೇ ಒಂದು ಸಲ ಪೆಟ್ ಅಂದಿದ್ರೆ ಗಣಿ ಮುಚ್ಚೋವರೆಗೂ ಆಡ್ಕೊಂಡು ನಗ್ತಿದ್ವಿ ನಾವು."

"ನರ್ಸ್ ಹೇಳಿದ್ಳು..."

"ನರ್ಸ್ ಎಲ್ಲಿಯೋಳು?"

"ದಕ್ಷಿಣದ ಕಡೆಯೋಳು," ಎಂದಳು ಎಲ್ಸಿ. ಸೆಪ್ ಮಣ್ಣು ಎಳೆಯತೊಡಗಿದ. "ನಂಗೇನ್ ಗೊತ್ತು," ಎಂದ, ತಲೆ ಎತ್ತದೆ. "ಆ ರೂಮಲ್ಲಿ ಇನ್ಯಾರಿರ್ತಿದ್ರು?"

ಶುಕ್ರವಾರ ಬಸ್ಸಿನ ಡ್ರೈವರ್, "ಇವತ್ತು ಪೆಟ್ಟಿಗೆ ಇಲ್ವಾ, ಪೆಟ್?" ಎಂದು ಕೇಳಿದ. ಎಲ್ಸಿ ಇಲ್ಲವೆಂದು ತಲೆಯಾಡಿಸಿ ಹಿಂದಿನ ಸೀಟಿಗೆ ಹೋದಳು.

ಮ್ಯಾಟಿ ಅದೇ ಕುರ್ಚಿಯಲ್ಲಿದ್ದ. ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು. ಎಲ್ಸಿ ಬಾಗಿಲಲ್ಲೇ ನಿಂತಳು. ಅವನು ಅವಳ ಹೆಗಲ ಕಡೆ ನೋಡಲಿಲ್ಲ, ಪೆಟ್ಟಿಗೆ ಹುಡುಕಲಿಲ್ಲ. ಅವಳ ಮುಖ ನೋಡಿ ಎಡಗೈ ಎತ್ತಿದ.

"ಪೆಟ್."

"ಅಯ್ಯೋ ಪಾಪ," ಎಂದಳು ಹಿಲರಿ ಹಿಂದಿನಿಂದ, "ತಮ್ಮ ಪ್ರಾಣಿ ಎಲ್ಲಿ ಅಂತ ಕೇಳ್ತಿದಾರೆ."

ಎಲ್ಸಿ ಕೈಗವಸು ಕಳಚಿ ಅವನ ಹತ್ತಿರ ಹೋದಳು. ಎಷ್ಟು ತೊಳೆದರೂ ಬೆರಳುಗಳಿಂದ ಹಸಿ ಲಿವರಿನ ವಾಸನೆ ಹೋಗಿರಲಿಲ್ಲ. ಆ ಕೈಯನ್ನು ಅವನ ಕೈಯೊಳಗೆ ಇಟ್ಟಳು. ಅವನ ಬೆರಳುಗಳು ಮುಚ್ಚಿಕೊಂಡವು, ಬಿಗಿಯಾಗಿ, ನೋಯುವಷ್ಟು. ಬೆಸ್ಸನ್ನು ಅವನು ಒಂದು ಸಲವೂ ಹಾಗೆ ಹಿಡಿದದ್ದನ್ನು ಅವಳು ಕಂಡಿರಲಿಲ್ಲ.

"ಕಂಡಕ್ಟರ್ ಹಾಗೆ ಕರೀಬೇಡ ಅಂದಿದ್ದೆನಲ್ಲೋ," ಎಂದಳು. ಇನ್ನೊಂದು ಕೈಯಿಂದ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

ಹನ್ನೊಂದು ಶುಕ್ರವಾರ ಅವನು ಕರೆದಿದ್ದ. ಹನ್ನೊಂದು ಸಲವೂ ಅವಳು ಅವನ ಕೈಗೆ ಫೆರೆಟ್ಟನ್ನು ಕೊಟ್ಟು, ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತಿದ್ದಳು.