ಓಕ್‌ಸಿಮ್‌ಳ ಬಾಯಿ ಕಟ್ಟಿದ ಗೆರೆ

ಕೊರಿಯಾದ ಇಂಚಾನ್‌ನ ಆ ಕೆಳಗೇರಿಯಲ್ಲಿ ಓಕ್‌ಸಿಮ್‌ಳ ಬಾಯಿಗೆ ಹೆದರದವರಿರಲಿಲ್ಲ. ನಲ್ಲಿ ನೀರು ನಿಂತರೂ, ಕಸದ ಗಾಡಿ ಬಾರದಿದ್ದರೂ ಕೂಗಾಡಲು ಅವಳೇ ಬೇಕು. ಈಗ ಯಾವ ವಿಳಾಸದ ಮಕ್ಕಳಿಗೆ ಯಾವ ಶಾಲೆ ಎಂಬ ಗಡಿಗೆರೆ ಬದಲಾಗುವುದರಲ್ಲಿತ್ತು. ಗೋಡೆಯಾಚೆಗೇ ಇರುವ ಶಾಲೆ ಇನ್ನು ಹೊಸ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಮಾತ್ರ. ಕೇರಿಯ ಮಕ್ಕಳು ಲಾರಿಗಳು ನುಗ್ಗುವ ಹೆದ್ದಾರಿ ದಾಟಿ ಬಂದರಿನ ಕಡೆಯ ಹಳೇ ಶಾಲೆಗೆ ಹೋಗಬೇಕು. ಶಾಲೆ ಶುರುವಾಗುವ ಮಾರ್ಚಿಗೆ ಅವಳ ಮಗಳು ಬೊರಾ ಒಂದನೇ ಕ್ಲಾಸು.

"ನಾಳೆ ಶಾಲೆ ಗಡಿ ಸಭೇಲಿ ಆ ಅಧಿಕಾರಿಗಳ ಮುಖದ ನೀರಿಳಿಸ್ತೀನಿ," ತನ್ನ ತಿಂಡಿ ಅಂಗಡಿಯಲ್ಲಿ ಕಿಂಬಾಪ್ ಎಂಬ ಅನ್ನದ ಸುರುಳಿ ಸುತ್ತುತ್ತಲೇ ಗುಡುಗಿದಳು.

"ಮೆಲ್ಲಗವ್ವಾ, ಅನ್ನ ಹೊರಗೆ ಬರ್ತಿದೆ," ಎಂದು ನಕ್ಕ ಪಕ್ಕದ ಮನೆಯ ಮುದುಕ ಪ್ಯೊ. ಅವನ ಮೊಮ್ಮಗನೂ ಬೊರಾಳ ಓರಗೆಯವನು.

ಸಂಜೆ ಅಪಾರ್ಟ್‌ಮೆಂಟಿನಿಂದ ನಾರೆಯ ತಾಯಿ ಬಂದಳು. ನಾರೆ, ಬೊರಾ ಇಬ್ಬರೂ ಶಿಶುವಿಹಾರದ ಜೋಡಿ.

"ಅಕ್ಕಾ, ನಿಮ್ಮ ಬೊರಾ ಬೇರೆ, ಆ ಕೇರಿ ಬೇರೆ. ಅವಳ ವಿಳಾಸ ನಮ್ಮನೇದು ಅಂತ ಬರೆಸಿಬಿಡಿ. ಎಲ್ರೂ ಮಾಡೋದೇ. ಆದ್ರೆ ನಾಳೆ ಗಲಾಟೆ ಬೇಡ. ಎಲ್ರ ಕಣ್ಣೂ ನಿಮ್ಮೇಲೆ ಬೀಳತ್ತೆ."

"ಕೇರೀಲೇ ಹುಟ್ಟಿದೋಳು ಬೇರೆ ಹೇಗಾಗ್ತಾಳೆ?"

"ಹಾಗಾದ್ರೆ ದಿನಾ ಹೆದ್ದಾರಿ ದಾಟ್ಸಿ."

ಓಕ್‌ಸಿಮ್ ಕೈಗಂಟಿದ ಎಳ್ಳೆಣ್ಣೆ ಒರೆಸುತ್ತಲೇ ನಿಂತಳು.

ಮರುದಿನ ಸಭೆಯಲ್ಲಿ ಅಧಿಕಾರಿ, "ಕೇರಿಯವ್ರದ್ದೇನಾದ್ರೂ ತಕರಾರಿದ್ಯಾ?" ಎಂದಾಗ ಕೇರಿಯೆಲ್ಲ ಅವಳತ್ತ ತಿರುಗಿತು. ಪ್ಯೊ ಮೊಣಕೈಯಿಂದ ತಿವಿದ.

"ಏಳವ್ವಾ. ಬಾಯಿನ ಮನೇಲಿ ಬಿಟ್ ಬಂದ್ಯಾ?"

"ಗಂಟಲು ಕಟ್ಟಿದೆ ತಾತ."

ಮುದುಕ ತಾನೇ ಎದ್ದ. ತೊದಲಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಕೂತ, ಹೊಸ ಗಡಿಗೆರೆ ನಿಂತಿತು.

ಮಾರ್ಚ್ ಬಂತು. ಹಳದಿ ಧೂಳು ಮುಸುಕಿದ ಬೆಳಿಗ್ಗೆಗಳಲ್ಲಿ ಪ್ಯೊ ಕೇರಿಯ ಮಕ್ಕಳ ಕೈಗೆ ಕೈ ಕೊಡಿಸಿ ಹೆದ್ದಾರಿಯತ್ತ ನಡೆಸುತ್ತಾನೆ. ಓಕ್‌ಸಿಮ್‌ಳ ಅಂಗಡಿ ಮುಂದೆಯೇ ಹಾದುಹೋಗುತ್ತಾನೆ, ತಲೆ ಎತ್ತುವುದಿಲ್ಲ. ಗೋಡೆಯಾಚೆಯ ಶಾಲೆಗೆ ಸೇರಿದ ಬೊರಾಳಿಗೆ ಮಾತ್ರ ಓಕ್‌ಸಿಮ್ ಗಿಣಿಪಾಠ ಮಾಡಿಸಿದ್ದಳು: "ಯಾರೇ ಕೇಳಿದ್ರೂ ನಿನ್ ಮನೆ ನಾರೆ ಮನೆ. ಕೇರಿ ಹೆಸ್ರು ಎತ್ತಿದ್ಯೋ, ಚರ್ಮ ಸುಲೀತೀನಿ."

ಒಂದು ಮಧ್ಯಾಹ್ನ ಶಾಲೆ ಬಿಟ್ಟೊಡನೆ ಅಪಾರ್ಟ್‌ಮೆಂಟಿನ ಹುಡುಗಿಯರ ಗುಂಪು ಅಂಗಡಿಗೆ ನುಗ್ಗಿತು. ಗಿರಾಕಿ ಮಕ್ಕಳೆಲ್ಲ ಅಂಗಡಿಯವಳನ್ನು ಕರೆಯುವುದು ಚಿಕ್ಕಮ್ಮ ಎಂದೇ. ಎಲ್ಲರೂ ಚಿಕ್ಕಮ್ಮಾ ಚಿಕ್ಕಮ್ಮಾ ಎಂದು ಕೈಚಾಚಿದರು. ಹಿಂದೆ ಬೊರಾ ನಿಂತಿದ್ದಳು. ಒಮ್ಮೆ ನಾರೆಯ ಮುಖ ನೋಡಿ, ಕಣ್ಣು ನೆಲಕ್ಕೆ ಹಾಕಿ ಅಂದಳು:

"ಚಿಕ್ಕಮ್ಮಾ, ನಂಗೂ ಒಂದು ಕೊಡಿ."

ಓಕ್‌ಸಿಮ್ ಕಿಂಬಾಪ್ ಕತ್ತರಿಸಿ ಪೊಟ್ಟಣ ಕಟ್ಟಿದಳು.

"ಖಾರ ಹಾಕಿಲ್ಲ, ತಿನ್ನಮ್ಮ," ಎಂದಳು, ಪರರ ಮಕ್ಕಳಿಗೆ ಹೇಳುವ ಹಾಗೆ.